ಮನೇಲೇ ಕಲಿಯೋ ಮಕ್ಕಳಿಗೆ ಬರವಣಿಗೆ ಕಲಿಸೋದು, ತಿದ್ದೋದು, ಗ್ರೇಡ್ ಹಾಕೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋಂಸ್ಕೂಲಿಂಗ್ ಮಾಡೋ ಅಪ್ಪ ಅಮ್ಮಂದ್ರು ಗಣಿತದ ಬಗ್ಗೆ ಇಷ್ಟು ತಲೆ ಕೆಡಿಸ್ಕೊಳ್ಳಲ್ಲ, ಉತ್ತರ ಸರಿನೋ ತಪ್ಪೋ ಅಂತ ಪುಸ್ತಕದ ಕೊನೇಲಿ ನೋಡಿದ್ರೆ ಮುಗೀತು. ಬರವಣಿಗೆ ಹಾಗಲ್ಲ. ಮಗು ಒಂದು ಪುಟ ಬರೆದು ತಂದು ಕೈಗೆ ಕೊಟ್ಟಾಗ ಏನು ಹೇಳ್ಬೇಕು, ಎಷ್ಟು ತಿದ್ದಬೇಕು, ಹತ್ತಕ್ಕೆ ಎಷ್ಟು ಕೊಡ್ಬೇಕು, ಯಾವುದಕ್ಕೂ ಅಳತೆ ಸಿಗಲ್ಲ. ಹೆಚ್ಚು ಜನ ಕೇಳೋ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರ್ದಿದೀನಿ. ನನ್ನ ಅಭಿಪ್ರಾಯ ಏನು ಅಂತ ಮೊದಲೇ ಹೇಳಿಬಿಡ್ತೀನಿ: ನಾವು ತಿದ್ದೋದು ಜಾಸ್ತಿ ಆಯ್ತು, ಮಗು ಮತ್ತೆ ಬರೆಯೋದು ಕಮ್ಮಿ ಆಯ್ತು. ಕೆಳಗಿರೋ ಉತ್ತರಗಳಲ್ಲೆಲ್ಲಾ ಇದೇ ಮಾತು ಒಂದಲ್ಲಾ ಒಂದು ರೀತಿ ಬರುತ್ತೆ.

ಯಾವ ವಯಸ್ಸಿಂದ ಬರವಣಿಗೆ ಶುರು ಮಾಡ್ಬೇಕು?

ಅಕ್ಷರ ಬರೆಯೋದು ಬೇರೆ, ಮನಸ್ಸಲ್ಲಿರೋದನ್ನ ಬರೆಯೋದು ಬೇರೆ. ಚಿಕ್ಕ ಮಕ್ಕಳ ಹತ್ರ ಎರಡನ್ನೂ ಒಟ್ಟಿಗೆ ಕೇಳಿದಾಗಲೇ ತಾಪತ್ರಯ ಶುರು ಆಗೋದು. ಐದಾರು ವರ್ಷದ ಮಗುಗೆ ಕಾಗುಣಿತ, ಕೈಬರಹ ಒಂದು ಕಡೆ ನಡೀತಾ ಇರ್ಲಿ, ಕಥೆ ಹೇಳೋದು, ನೋಡಿದ್ದನ್ನ ವಿವರ್ಸೋದು ಬಾಯಲ್ಲೇ ನಡೀಲಿ.

ಮನೆ ಶಿಕ್ಷಣದವರು ಇವತ್ತಿಗೂ ನೆನೆಸ್ಕೊಳ್ಳೋ ಬ್ರಿಟಿಷ್ ಶಿಕ್ಷಣತಜ್ಞೆ ಶಾರ್ಲೆಟ್ ಮೇಸನ್ (1842–1923) ಪದ್ಧತಿ ಹೀಗೇ ಇತ್ತು: ಆರು ವರ್ಷದ ಮೇಲೆ ಕೇಳಿದ ಪಾಠವನ್ನ ಮಗು ತನ್ನ ಮಾತಲ್ಲೇ ತಿರುಗಿ ಹೇಳ್ಬೇಕು, ಅದನ್ನೇ ಬರೆದು ತೋರ್ಸೋದು ಹೆಚ್ಚುಕಮ್ಮಿ ಒಂಬತ್ತು ಹತ್ತು ವರ್ಷಕ್ಕೆ. ಅಷ್ಟು ವರ್ಷ ಕಾಯ್ಲೇಬೇಕು ಅಂತ ನಾನು ಹೇಳಲ್ಲ, ತಾನಾಗಿ ಬರೀತೀನಿ ಅನ್ನೋ ಮಗೂನ ತಡೆಯೋರು ಯಾರು? ಆದ್ರೆ ಏಳು ವರ್ಷಕ್ಕೆ ಒಂದು ಪುಟ ಬರೆಯಲ್ಲ ಅಂತ ಗಾಬರಿ ಬೀಳೋದು ಬೇಡ.

ಮಾತಲ್ಲಾದ್ರೆ ಅರ್ಧ ಗಂಟೆ ಹೇಳ್ತಾನೆ, ಬರಿ ಅಂದ್ರೆ ಎರಡು ಸಾಲು. ಸೋಮಾರಿತನನಾ?

ಅಲ್ಲ, ಬಹುತೇಕ ಸಲ ಅಲ್ಲವೇ ಅಲ್ಲ. ಬರೀವಾಗ ಆ ಮಗು ತಲೇಲಿ ಏನೇನು ನಡೀತಿರುತ್ತೆ ನೋಡಿ: ಅಕ್ಷರದ ಆಕಾರ, ಒತ್ತು ಎಲ್ಲಿ ಬರುತ್ತೆ, ದೀರ್ಘನಾ ಹ್ರಸ್ವನಾ, ಸಾಲು ನೆಟ್ಟಗಿದೆಯಾ, ಮುಂದಿನ ಪದ ಏನು, ವಾಕ್ಯ ಎಲ್ಲಿಂದ ಶುರು ಮಾಡಿದ್ದೆ. ಒಂದೇ ಸಲಕ್ಕೆ ತಲೇಲಿ ಇಟ್ಕೊಳ್ಳೋಕೆ ಆಗೋದಕ್ಕೆ ಮಿತಿ ಇದೆ, ಅಕ್ಷರ ಜೋಡ್ಸೋಕೇ ಅಷ್ಟೂ ಖರ್ಚಾದ್ರೆ ಯೋಚನೆಗೆ ಏನೂ ಉಳಿಯಲ್ಲ. ಆಗ ಮಗು ಬರೆಯೋಕೆ ಸುಲಭ ಇರೋ ಪದಗಳನ್ನ ಮಾತ್ರ ಆರಿಸ್ಕೊಳ್ಳುತ್ತೆ, ಅದಕ್ಕೇ ಹೇಳಿದ ಕಥೆ ಅಷ್ಟು ಚೆನ್ನಾಗಿದ್ದು ಬರೆದ ಕಥೆ ಸಪ್ಪೆ ಆಗೋದು.

ಪರಿಹಾರ ಏನಪ್ಪಾ ಅಂದ್ರೆ ಎರಡು ಕೆಲಸ ಬೇರೆ ಬೇರೆ ಮಾಡ್ಸಿ. ಒಂದಿನ ಮಗು ಹೇಳ್ಲಿ, ನೀವು ಬರ್ಕೊಳ್ಳಿ, ಅದು ಹೇಳಿದ ಹಾಗೇ, ನಿಮ್ಮ ಪದ ಸೇರಿಸ್ದೆ. ಆಮೇಲೆ ಅದನ್ನ ಮಗುಗೇ ಓದಿ ಹೇಳಿ, ಇಲ್ಲಿ ಏನಾದ್ರೂ ಬಿಟ್ಟು ಹೋಗಿದ್ಯಾ ಅಂತ ಕೇಳಿ. ಮಗು ಇನ್ನೊಂದು ಮಾತು ಸೇರ್ಸುತ್ತೆ. ಅಲ್ಲಿಗೆ ಪೆನ್ಸಿಲ್ ಮುಟ್ಟದೇನೇ ತಿದ್ದಿ ಬರೆಯೋದು ಅಂದ್ರೆ ಏನು ಅಂತ ಗೊತ್ತಾಯ್ತು. ಇನ್ನೊಂದಿನ ಉಕ್ತಲೇಖನ ಕೊಡಿ ಅಥವಾ ಒಳ್ಳೆ ಗದ್ಯದ ನಾಲ್ಕು ಸಾಲು ನಕಲು ಮಾಡ್ಸಿ, ಅಲ್ಲಿ ಯೋಚನೆ ಮಾಡೋ ಭಾರ ಇಲ್ಲ, ಕೈ ಮತ್ತು ಕಾಗುಣಿತಕ್ಕೆ ಮಾತ್ರ ಗಮನ. ಕೈ ಪಳಗಿದ ಮೇಲೆ ಎರಡೂ ತಾವಾಗೇ ಸೇರ್ಕೊಳ್ತವೆ.

ದಿನಾ ಬರೆಸ್ಬೇಕಾ? ಎಷ್ಟು ಹೊತ್ತು?

ದಿನಾ ಸ್ವಲ್ಪ ಆದ್ರೆ ಒಳ್ಳೇದು. ಚಿಕ್ಕವರಿಗೆ ಹತ್ತು ಹದಿನೈದು ನಿಮಿಷ ಸಾಕು, ದೊಡ್ಡವರಿಗೆ ಅರ್ಧ ಮುಕ್ಕಾಲು ಗಂಟೆ. ದಿನಾ ಹೊಸ ವಿಷಯ ಮಾತ್ರ ಕೊಡ್ಬೇಡಿ. ಸೋಮವಾರ ಬರೆದಿದ್ದನ್ನ ಬುಧವಾರ ತೆಗೆದು ಓದಿ, ಗುರುವಾರ ತಿದ್ದಿ ಬರೆದ್ರೆ ಅದೂ ಬರವಣಿಗೆ ಪಾಠನೇ. ವಾರಕ್ಕೆ ಐದು ಅರೆಬರೆ ತುಣುಕಿಗಿಂತ ಎರಡು ಮೂರು ಸಲ ತಿದ್ದಿ ಬರೆದ ಒಂದೇ ತುಣುಕು ಮಗುಗೆ ಜಾಸ್ತಿ ಕಲಿಸುತ್ತೆ, ಈ ವಿಷಯದಲ್ಲಿ ನನಗೆ ಅನುಮಾನವೇ ಇಲ್ಲ.

ಏನು ವಿಷಯ ಕೊಡೋದು? ಏನು ಕೊಟ್ರೂ "ಗೊತ್ತಿಲ್ಲ" ಅಂತಾಳೆ.

ವಿಷಯ ತುಂಬಾ ದೊಡ್ಡದಾಗಿರುತ್ತೆ, ಅದಕ್ಕೆ. "ನನ್ನ ಕುಟುಂಬ" ಅಂದ್ರೆ ಮಗು ಎಲ್ಲಿಂದ ಶುರು ಮಾಡ್ಬೇಕು? "ನಿನ್ನ ತಮ್ಮ ಶೂ ಹಾಕ್ಕೊಳ್ಳೋವಾಗ ಏನೇನು ಮಾಡ್ತಾನೆ, ಒಂದೂ ಬಿಡದೆ ಬರಿ" ಅಂದ್ರೆ ಪೆನ್ಸಿಲ್ ಓಡುತ್ತೆ. ಹೋಂಸ್ಕೂಲಿಂಗ್‌ನಲ್ಲಿ ಒಂದು ಅನುಕೂಲ ಇದೆ, ಬರವಣಿಗೆ ಅನ್ನೋದು ಬೇರೇನೇ ಒಂದು ಪೀರಿಯಡ್ ಆಗ್ಬೇಕಿಲ್ಲ. ವಿಜ್ಞಾನದಲ್ಲಿ ಬೀಜ ಮೊಳಕೆ ಬಂದಿದ್ದರ ಟಿಪ್ಪಣಿ, ಇತಿಹಾಸದಲ್ಲಿ ಓದಿದ್ದರ ಸಾರಾಂಶ, ಅಜ್ಜಿಗೆ ನಿಜವಾದ ಪತ್ರ, ತಾನು ಆಡೋ ಆಟದ ನಿಯಮಗಳನ್ನ ಗೊತ್ತಿಲ್ಲದವರಿಗೆ ವಿವರ್ಸೋದು, ಎಲ್ಲಾ ಬರವಣಿಗೆನೇ. ಆಟದ ನಿಯಮ ಬರೆಸೋದು ನನಗೆ ತುಂಬಾ ಇಷ್ಟ. ಬರೆದಿದ್ದನ್ನ ಮಾತ್ರ ನೋಡ್ಕೊಂಡು ನೀವು ಆಡೋಕೆ ಕೂತ್ರೆ ಎಲ್ಲಿ ಅರ್ಥ ಆಗಲ್ಲ ಅನ್ನೋದು ಮಗುಗೆ ಕಣ್ಣೆದುರೇ ಗೊತ್ತಾಗುತ್ತೆ, ನೀವು ಒಂದು ಮಾತೂ ಹೇಳೋದು ಬೇಕಿಲ್ಲ.

ಮೊದಲು ವ್ಯಾಕರಣ ಮುಗಿಸಿ ಆಮೇಲೆ ಬರೆಸೋದು ಸರಿ ಅಲ್ವಾ?

ಅದು ಉಲ್ಟಾ ಆಗುತ್ತೆ. 4ನೇ ತರಗತಿಯಿಂದ 12ರವರೆಗಿನ ಮಕ್ಕಳ ಬರವಣಿಗೆ ಬಗ್ಗೆ ಆಗಿದ್ದ ಸಂಶೋಧನೆಗಳನ್ನ ಸ್ಟೀವ್ ಗ್ರಹಾಂ ಮತ್ತೆ ಡೊಲೊರೆಸ್ ಪೆರಿನ್ 2007ರಲ್ಲಿ ಒಟ್ಟುಗೂಡಿಸಿ ನೋಡಿದ್ರು. ವ್ಯಾಕರಣವನ್ನ ಬರವಣಿಗೆಯಿಂದ ಬೇರ್ಪಡಿಸಿ ಪಾಠವಾಗಿ ಹೇಳ್ಕೊಟ್ರೆ ಬರವಣಿಗೆ ಸುಧಾರಿಸೋದು ಅಲ್ಲಿ ಕಾಣಲಿಲ್ಲ. ಹೇಗೆ ಯೋಜನೆ ಹಾಕ್ಬೇಕು, ಹೇಗೆ ತಿದ್ದಬೇಕು ಅಂತ ಹಂತ ಹಂತವಾಗಿ ಕಲಿಸೋದು, ಸಾರಾಂಶ ಬರೆಸೋದು, ಬಿಡಿ ವಾಕ್ಯಗಳನ್ನ ಸೇರಿಸಿ ಒಂದು ಮಾಡ್ಸೋದು, ಇವುಗಳಿಂದ ಪ್ರಯೋಜನ ಕಂಡಿತ್ತು.

ವಾಕ್ಯ ಸೇರ್ಸೋದು ಅಂದ್ರೆ ಹೀಗೆ. "ಮಳೆ ಬಂತು. ನಾವು ಓಡಿದೆವು. ಬಟ್ಟೆ ಒದ್ದೆಯಾಯಿತು." ಈ ಮೂರನ್ನ ಒಂದೇ ವಾಕ್ಯ ಮಾಡು ಅನ್ನಿ. ಒಬ್ಬಳು "ಮಳೆ ಬಂತೆಂದು ಓಡಿದರೂ ಬಟ್ಟೆ ಒದ್ದೆಯಾಯಿತು" ಅಂತಾಳೆ, ಇನ್ನೊಬ್ಬ "ನಾವು ಓಡುವಷ್ಟರಲ್ಲಿ ಮಳೆ ಬಂದು ಬಟ್ಟೆ ಒದ್ದೆಯಾಯಿತು" ಅಂತಾನೆ. ಎರಡರಲ್ಲೂ ಅರ್ಥ ಸ್ವಲ್ಪ ಬೇರೆ. ಯಾಕೆ ಬೇರೆ ಅಂತ ಮಾತಾಡಿದ್ರೆ ಅದೇ ವ್ಯಾಕರಣ ಪಾಠ. ವಿಭಕ್ತಿ, ಸಂಧಿ, ಸಮಾಸ ಕಲಿಸ್ಬೇಡಿ ಅಂತಲ್ಲ, ಖಂಡಿತ ಕಲಿಸಿ, ಆದ್ರೆ ಅದನ್ನ ಕಲಿತ ಮೇಲೆ ಪ್ರಬಂಧ ತಾನಾಗಿ ಚೆನ್ನಾಗಾಗುತ್ತೆ ಅಂತ ಕಾಯ್ತಾ ಕೂರ್ಬೇಡಿ.

ತಪ್ಪು ಕಂಡಲ್ಲೆಲ್ಲಾ ತಿದ್ದಬೇಕಾ? ಬಿಟ್ಟರೆ ಅದೇ ಅಭ್ಯಾಸ ಆಗಲ್ವಾ?

ಎಲ್ಲರಿಗೂ ಇರೋ ಭಯ ಇದು, ನ್ಯಾಯವಾದ ಭಯನೇ. ಆದ್ರೆ ಕೆಂಪು ಪೆನ್ ಹಿಡ್ಕೊಂಡು ನೀವೇ ಅಷ್ಟೂ ತಪ್ಪನ್ನ ಸರಿ ಮಾಡಿಬಿಟ್ರೆ ಕಾಗುಣಿತದ ಅಭ್ಯಾಸ ಆಗಿದ್ದು ನಿಮಗೆ, ಮಗುಗಲ್ಲ. ಅದು ಸುಮ್ನೆ ನೋಡುತ್ತೆ, ನೋಟ್‌ಬುಕ್ ಮುಚ್ಚುತ್ತೆ.

ಒಂದು ಸಲಕ್ಕೆ ಒಂದು ಅಥವಾ ಎರಡು ವಿಷಯ ಮಾತ್ರ ಹಿಡ್ಕೊಳ್ಳಿ. ಈ ತಿಂಗಳು ಅಲ್ಪಪ್ರಾಣ ಮಹಾಪ್ರಾಣ ನೋಡ್ತೀವಿ ಅಂದ್ರೆ ಅದೊಂದೇ. ಮುಂದಿನ ತಿಂಗಳು ಳ ಮತ್ತು ಲ, ಅಥವಾ ಪೂರ್ಣವಿರಾಮ. ಇಡೀ ಹಾಳೆಯಲ್ಲಿ ಬೇರೆ ತಪ್ಪು ಇದ್ರೂ ಸದ್ಯಕ್ಕೆ ಬಿಡಿ, ಅವುಗಳ ಸರದಿ ಬರುತ್ತೆ. ನೀವು ಒಂದು ಪಟ್ಟಿ ಇಟ್ಕೊಂಡಿದ್ರೆ ಸಾಕು.

ಇನ್ನೊಂದು ಉಪಾಯ, ಇದು ಹತ್ತು ವರ್ಷದ ಮೇಲಿನವರಿಗೆ ಚೆನ್ನಾಗಿ ಕೆಲಸ ಮಾಡುತ್ತೆ. ತಪ್ಪಿರೋ ಸಾಲಿನ ಪಕ್ಕ ಮಾರ್ಜಿನ್‌ನಲ್ಲಿ ಬರೀ ಒಂದು ಟಿಕ್ ಹಾಕಿ, ತಪ್ಪು ಯಾವುದು ಅಂತ ಹೇಳ್ಬೇಡಿ. ಎರಡು ತಪ್ಪಿದ್ರೆ ಎರಡು ಟಿಕ್. ಹುಡುಕೋದು, ಸರಿ ಮಾಡೋದು ಮಗುವಿನ ಕೆಲಸ. ರಿಚರ್ಡ್ ಹ್ಯಾಸ್‌ವೆಲ್ ಅನ್ನೋ ಅಧ್ಯಾಪಕರು 1983ರಲ್ಲಿ ತಮ್ಮ ಕಾಲೇಜು ವಿದ್ಯಾರ್ಥಿಗಳ ಜೊತೆ ಇದನ್ನ ಮಾಡಿ ಬರೆದಿದ್ರು, ಹೀಗೆ ಗುರುತು ಹಾಕಿದ ತಪ್ಪುಗಳಲ್ಲಿ ಸುಮಾರು 60% ವಿದ್ಯಾರ್ಥಿಗಳೇ ಸರಿ ಮಾಡ್ಕೊಂಡಿದ್ರು. ಅಂದ್ರೆ ಅರ್ಧಕ್ಕಿಂತ ಹೆಚ್ಚು ತಪ್ಪು ಸರಿ ರೂಪ ಗೊತ್ತಿಲ್ಲದೆ ಆಗಿದ್ದಲ್ಲ, ಗಮನ ಜಾರಿ ಆಗಿದ್ದು. ಉಳಿದ 40% ಇದೆಯಲ್ಲ, ಮಗು ಎಷ್ಟು ಹುಡುಕಿದ್ರೂ ಸಿಗದೇ ಇದ್ದಿದ್ದು, ಪಾಠ ಮಾಡ್ಬೇಕಾಗಿರೋದು ಅದನ್ನ. ನಿಮ್ಮ ಸಮಯ ಎಲ್ಲಿ ಹಾಕ್ಬೇಕು ಅಂತ ಇದ್ರಿಂದ ಸ್ಪಷ್ಟವಾಗಿ ಗೊತ್ತಾಗುತ್ತೆ.

ಒಂದು ಮಾತು ಮಾತ್ರ ನೆನಪಿರ್ಲಿ: ಕಾಗುಣಿತ ಕೊನೇ ಪ್ರತಿಗೆ. ಇನ್ನೂ ವಿಷಯವೇ ಬದಲಾಗ್ತಾ ಇರೋ ಮೊದಲ ಪ್ರತಿಯಲ್ಲಿ ಅಕ್ಷರ ತಿದ್ದಿದ್ರೆ, ತಿದ್ದಿದ ಆ ಸಾಲನ್ನ ಅಳಿಸೋಕೆ ಮಗುಗೆ ಮನಸ್ಸೇ ಬರಲ್ಲ.

ಹಾಗಾದ್ರೆ ಮೊದಲ ಪ್ರತಿ ಓದಿ ಏನು ಹೇಳ್ಬೇಕು? ಒಂದು ಉದಾಹರಣೆ ಕೊಡ್ತೀರಾ?

ಕೊಡ್ತೀನಿ. ಎಂಟು ವರ್ಷದ ಮಗು ಹೀಗೆ ಬರ್ದಿದೆ ಅಂತ ಇಟ್ಕೊಳ್ಳಿ:

"ನಿನ್ನೆ ನಮ್ಮ ಬೆಕ್ಕು ಮರ ಹತ್ತಿತು. ಮತ್ತೆ ಇಳಿಯಲಿಲ್ಲ. ನನಗೆ ಬಯ ಆಯಿತು. ಅಪ್ಪ ಏಣಿ ತಂದರು. ಬೆಕ್ಕನ್ನು ಇಳಿಸಿದರು. ನನಗೆ ತುಂಬಾ ಕುಶಿ ಆಯಿತು."

ನಮ್ಮ ಕಣ್ಣು ಸೀದಾ ಹೋಗೋದು "ಬಯ", "ಕುಶಿ" ಮೇಲೆ. ಅವನ್ನ ಈಗ ಮುಟ್ಬೇಡಿ. ಓದುಗರಾಗಿ ಓದಿ, ನಿಮಗೆ ನಿಜವಾಗ್ಲೂ ಏನು ತಿಳ್ಕೊಬೇಕು ಅನ್ಸುತ್ತೆ? ನನಗಂತೂ ಏಣಿ ಬಂದ ಮೇಲೆ ಏನಾಯ್ತು ಅಂತ ಗೊತ್ತಾಗ್ಬೇಕು, ಯಾಕಂದ್ರೆ ಮರದ ಮೇಲಿರೋ ಬೆಕ್ಕು ಅಷ್ಟು ಸುಲಭಕ್ಕೆ ಕೈಗೆ ಸಿಗಲ್ಲ. ಅದನ್ನೇ ಕೇಳಿ: "ಅಪ್ಪ ಏಣಿ ಹತ್ತಿದಾಗ ಬೆಕ್ಕು ಏನು ಮಾಡ್ತು?" ಮಗು ಹೇಳುತ್ತೆ, "ಅದು ಇನ್ನೂ ಮೇಲಕ್ಕೆ ಹೋಯ್ತು! ಅಪ್ಪನ ಕೈ ಪರಚಿಬಿಡ್ತು, ಆಮೇಲೆ ಅಪ್ಪ ಟವೆಲ್‌ನಲ್ಲಿ ಸುತ್ಕೊಂಡು ಇಳಿಸಿದ್ರು." ಆಗ ಹೇಳಿ, "ನೋಡು, ಇದು ನಿನ್ನ ಹಾಳೆಯಲ್ಲಿ ಇಲ್ವೇ ಇಲ್ಲ, ಏಣಿ ತಂದರು ಅನ್ನೋದರ ಕೆಳಗೆ ಸೇರ್ಸು."

ಎರಡನೇ ಪ್ರತಿಯಲ್ಲಿ ಆ ಭಾಗ ಹೀಗೆ ಬರುತ್ತೆ:

"ಅಪ್ಪ ಏಣಿ ತಂದರು. ಅಪ್ಪ ಹತ್ತಿದಾಗ ಬೆಕ್ಕು ಇಳಿಯೋ ಬದಲು ಇನ್ನೊಂದು ಕೊಂಬೆಗೆ ಹೋಯಿತು. ಅಪ್ಪ ಕೈ ಚಾಚಿದರು. ಬೆಕ್ಕು ಪರಚಿತು. ಆಮೇಲೆ ಅಪ್ಪ ಟವೆಲ್‌ನಲ್ಲಿ ಸುತ್ತಿಕೊಂಡು ಇಳಿಸಿದರು."

ಒಂದೇ ಒಂದು ಪ್ರಶ್ನೆ ಕೇಳಿದ್ದು, ಬರಹ ಹೆಚ್ಚುಕಮ್ಮಿ ಎರಡರಷ್ಟು ಆಯ್ತು, ಅದಕ್ಕಿಂತ ಮುಖ್ಯ, ಓದೋರಿಗೆ ಕಣ್ಣಿಗೆ ಕಟ್ಟೋ ಹಾಗಾಯ್ತು. ಈಗ ಕೊನೇ ಪ್ರತಿ ಬರೆಯೋ ಮುಂಚೆ, "ಎರಡು ಪದದಲ್ಲಿ ಮಹಾಪ್ರಾಣ ಬಿಟ್ಟಿದೀಯ, ಹುಡುಕು" ಅನ್ನಿ. ಭಯ, ಖುಷಿ ಎರಡೂ ಸರಿ ಹೋಗ್ತವೆ. "ವಿವರ ಸಾಲದು", "ಇನ್ನೂ ಚೆನ್ನಾಗಿ ಬರಿ" ಅನ್ನೋ ಮಾತುಗಳಿಂದ ಇದು ಆಗಲ್ಲ, ಏನು ಮಾಡ್ಬೇಕು ಅಂತ ಅವುಗಳಲ್ಲಿ ಇಲ್ಲ. ಪ್ರಶ್ನೆ ಕೇಳಿ, ಜಾಗ ತೋರ್ಸಿ. "ಚೆನ್ನಾಗಿದೆ" ಅನ್ನೋದೂ ಹಾಗೇ, ಯಾವ ಸಾಲು ಚೆನ್ನಾಗಿದೆ, ಅದನ್ನ ಓದಿದಾಗ ನಿಮಗೆ ಏನನ್ನಿಸ್ತು ಅಂತ ಹೇಳಿದ್ರೆ ಮಗು ಅದನ್ನ ಮತ್ತೆ ಮಾಡುತ್ತೆ.

ತಿದ್ದಿದ್ರೆ ಅಳ್ತಾಳೆ, ನೋಟ್‌ಬುಕ್ ಎಸೀತಾಳೆ.

ಅವಳ ಹಾಳೆ ಮೇಲೆ ನೀವು ಬರೆಯೋದನ್ನ ಸ್ವಲ್ಪ ದಿನ ನಿಲ್ಲಿಸಿಬಿಡಿ. ಏನಿದ್ರೂ ಬೇರೆ ಚೀಟಿ ಮೇಲೆ ಬರೀರಿ ಅಥವಾ ಬಾಯಲ್ಲಿ ಹೇಳಿ. ಬರೆದ ತಕ್ಷಣ ಹೇಳ್ಬೇಡಿ, ಒಂದು ದಿನ ಬಿಟ್ಟು ಹೇಳಿ, ಅಷ್ಟೊತ್ತಿಗೆ ಆ ಬರಹದ ಬಿಸಿ ಆರಿರುತ್ತೆ. ಅವಳೇ ಜೋರಾಗಿ ಓದ್ಲಿ, ಎಡವಿದ ಜಾಗದಲ್ಲಿ ಅವಳಿಗೇ ಗೊತ್ತಾಗುತ್ತೆ. ನೀವೂ ಒಂದು ಪ್ಯಾರಾ ಬರೆದು ಅವಳ ಕೈಗೆ ಕೊಟ್ಟು ಎಲ್ಲಿ ಅರ್ಥ ಆಗ್ಲಿಲ್ಲ ಹೇಳು ಅನ್ನಿ, ಆಮೇಲೆ ನಿಜವಾಗ್ಲೂ ತಿದ್ದಿ ತೋರ್ಸಿ. ದೊಡ್ಡವರೂ ಹೊಡೆದು ಹಾಕಿ ಬರೀತಾರೆ ಅಂತ ಎಷ್ಟೋ ಮಕ್ಕಳು ನೋಡೇ ಇರಲ್ಲ, ಅಚ್ಚಾದ ಪುಸ್ತಕ ಮಾತ್ರ ನೋಡಿರ್ತಾರೆ.

ಮನೇಲಿ ಕಲಿಸೋರಿಗೆ ಇಲ್ಲಿ ಒಂದು ಕಷ್ಟ ಇದೆ, ಅದನ್ನ ಒಪ್ಕೊಳ್ಳೋಣ. ಟೀಚರ್ ಹೇಳಿದ್ರೆ ಬರಹದ ಬಗ್ಗೆ ಹೇಳಿದ ಹಾಗೆ, ಅಮ್ಮ ಹೇಳಿದ್ರೆ ತನ್ನ ಬಗ್ಗೆನೇ ಹೇಳಿದ ಹಾಗೆ ಮಗುಗೆ ಕೇಳ್ಸುತ್ತೆ. ಅದಕ್ಕೆ ಆಗಾಗ ಹೊರಗಿನ ಓದುಗರು ಬೇಕು, ಚಿಕ್ಕಪ್ಪನೋ, ಇನ್ನೊಂದು ಹೋಂಸ್ಕೂಲ್ ಕುಟುಂಬದವರೋ. ಅವರ ಮಕ್ಕಳ ಬರಹ ನೀವು ಓದಿ, ನಿಮ್ಮವರದ್ದು ಅವರು ಓದ್ಲಿ.

ನನಗೇ ಸರಿಯಾಗಿ ಬರೆಯೋಕೆ ಬರಲ್ಲ, ನಾನು ಹೇಗೆ ಕಲಿಸ್ಲಿ?

ಒಳ್ಳೆ ಓದುಗರಾದ್ರೆ ಸಾಕು. ಅಮೆರಿಕದ ಹೆಸರಾಂತ ಲೇಖಕ, ವಿಜ್ಞಾನಿ ಬೆಂಜಮಿನ್ ಫ್ರಾಂಕ್ಲಿನ್ ಹತ್ತು ವರ್ಷಕ್ಕೇ ಶಾಲೆ ಬಿಟ್ಟವರು. ಹುಡುಗನಾಗಿದ್ದಾಗ ಗೆಳೆಯನ ಜೊತೆ ಪತ್ರದಲ್ಲಿ ವಾದ ಮಾಡ್ತಿದ್ರಂತೆ, ಆ ಪತ್ರಗಳು ಅವರಪ್ಪನ ಕೈಗೆ ಸಿಕ್ವು. ಅಪ್ಪ ಮೇಣದಬತ್ತಿ ಮಾಡಿ ಮಾರೋ ಕಸುಬಿನವರು, ಸಾಹಿತಿ ಏನಲ್ಲ. ವಾದ ಸರಿನೋ ತಪ್ಪೋ ಅನ್ನೋ ತಂಟೆಗೇ ಹೋಗದೆ ಅವರು ಹೇಳಿದ್ದು ಇಷ್ಟು: ಸ್ಪೆಲಿಂಗ್, ವಿರಾಮ ಚಿಹ್ನೆ ನಿನ್ನದೇ ವಾಸಿ, ಆದ್ರೆ ಹೇಳೋ ಸೊಗಸು, ಜೋಡಣೆ, ಸ್ಪಷ್ಟತೆಯಲ್ಲಿ ಗೆಳೆಯ ಮುಂದಿದಾನೆ. ಆಮೇಲೆ ಅಂಥ ಜಾಗಗಳನ್ನ ಪತ್ರದಲ್ಲೇ ತೋರ್ಸಿದ್ರು. ಫ್ರಾಂಕ್ಲಿನ್ ತಮ್ಮ ಆತ್ಮಕಥೇಲಿ ಇದನ್ನ ಬರ್ಕೊಂಡಿದ್ದಾರೆ.

ಆಮೇಲೆ ಅವರು ತಾವೇ ಕಂಡ್ಕೊಂಡ ದಾರಿ ಇವತ್ತಿಗೂ ಹೋಂಸ್ಕೂಲ್‌ಗೆ ಹೇಳಿ ಮಾಡ್ಸಿದ ಹಾಗಿದೆ. ಒಳ್ಳೆ ಗದ್ಯಕ್ಕೆ ಹೆಸರಾಗಿದ್ದ 'ಸ್ಪೆಕ್ಟೇಟರ್' ಅನ್ನೋ ಇಂಗ್ಲಿಷ್ ಪತ್ರಿಕೆಯ ಒಂದು ಲೇಖನ ತಗೊಂಡು ಪ್ರತಿ ವಾಕ್ಯದ ತಾತ್ಪರ್ಯ ಚಿಕ್ಕದಾಗಿ ಗುರುತು ಹಾಕ್ಕೊಂಡು, ಕೆಲವು ದಿನ ಪಕ್ಕಕ್ಕಿಟ್ಟು, ಆ ಗುರುತುಗಳಿಂದ ಲೇಖನವನ್ನ ತಮ್ಮ ಮಾತಲ್ಲಿ ಮತ್ತೆ ಬರೆದು, ಮೂಲದ ಜೊತೆ ಹೋಲಿಸಿ ತಮ್ಮ ತಪ್ಪನ್ನ ತಾವೇ ತಿದ್ಕೋತಿದ್ರು. ಕೆಲವು ಸಲ ಟಿಪ್ಪಣಿಗಳನ್ನ ಕಲೆಸಿ ಹಾಕಿ, ವಾರಗಟ್ಟಲೆ ಬಿಟ್ಟು, ಸರಿಯಾದ ಕ್ರಮಕ್ಕೆ ತರೋಕೆ ನೋಡ್ತಿದ್ರು, ಜೋಡಣೆ ಕಲಿಯೋಕೆ. ಹನ್ನೊಂದು ಹನ್ನೆರಡು ವರ್ಷದ ಮಗುಗೆ ನೀವೂ ಇಷ್ಟಪಟ್ಟು ಓದೋ ಒಂದು ಪ್ಯಾರಾ ಕೊಟ್ಟು ಇದನ್ನ ಮಾಡ್ಸಿ ನೋಡಿ. ಇಲ್ಲಿ ತಪ್ಪು ತೋರ್ಸೋದು ಮೂಲ ಲೇಖನ, ನೀವಲ್ಲ.

ಮಾರ್ಕ್ಸ್ ಕೊಡ್ಲೇಬೇಕಾ?

ಕೊಡ್ಲೇಬೇಕು ಅನ್ನೋ ನಿಯಮ ನಿಮ್ಮ ಮೇಲೆ ಇಲ್ಲದಿದ್ರೆ ಚಿಕ್ಕ ಮಕ್ಕಳಿಗೆ ಬೇಡ. ರೂತ್ ಬಟ್ಲರ್ 1988ರಲ್ಲಿ ಐದನೇ ಆರನೇ ತರಗತಿ ಮಕ್ಕಳ ಮೇಲೆ ನಡೆಸಿದ ಅಧ್ಯಯನ ಪ್ರಸಿದ್ಧ. ಒಂದು ಗುಂಪಿಗೆ ಮಾರ್ಕ್ಸ್ ಮಾತ್ರ, ಒಂದಕ್ಕೆ ಬರೆದ ಟಿಪ್ಪಣಿ ಮಾತ್ರ, ಇನ್ನೊಂದಕ್ಕೆ ಎರಡೂ. ಕೊಟ್ಟ ಕೆಲಸ ಪ್ರಬಂಧ ಆಗಿರ್ಲಿಲ್ಲ, ಅಕ್ಷರಗಳಿಂದ ಪದ ಕಟ್ಟೋದು ಮತ್ತು ಹೊಸ ಹೊಸ ಯೋಚನೆ ಹೇಳೋ ಥರದ್ದು. ಟಿಪ್ಪಣಿ ಮಾತ್ರ ಸಿಕ್ಕವರು ಸುಧಾರಿಸಿದ್ರು, ಆಸಕ್ತಿನೂ ಉಳೀತು. ಎರಡೂ ಸಿಕ್ಕವರ ಸ್ಥಿತಿ ಬರೀ ಮಾರ್ಕ್ಸ್ ಸಿಕ್ಕವರ ಹಾಗೇ ಆಯ್ತು. ನೀವು ಅಷ್ಟು ಯೋಚ್ನೆ ಮಾಡಿ ಬರೆದ ಎರಡು ಸಾಲು, ಪಕ್ಕದಲ್ಲಿ 6/10 ಅಂತ ಇದ್ದ ತಕ್ಷಣ ಮಗು ಕಣ್ಣಿಗೆ ಬೀಳಲ್ಲ.

ಕೊಡ್ಲೇಬೇಕು ಅಂದ್ರೆ ಮೊದಲು ಟಿಪ್ಪಣಿ, ಆಮೇಲೆ ಮಗು ತಿದ್ದಿ ಬರೀಲಿ, ಆ ಕೊನೇ ಪ್ರತಿಗೆ ಮಾತ್ರ ಗ್ರೇಡ್. ಬರೆದ ಎಲ್ಲಕ್ಕೂ ಬೇಡ, ನಾಲ್ಕೈದರಲ್ಲಿ ಒಂದನ್ನ ಮಗುನೇ ಆರಿಸಿ ಕೊಡ್ಲಿ.

ಸ್ವಂತ ಮಗುಗೆ ನ್ಯಾಯವಾಗಿ ಗ್ರೇಡ್ ಹಾಕೋಕೆ ಆಗುತ್ತಾ? ಶಾಲೆ ಟೀಚರ್ ಆದ್ರೆ ಸರಿಯಾಗಿ ಹಾಕ್ತಾರೆ ಅಲ್ವಾ?

ಬರವಣಿಗೆಗೆ ಮಾರ್ಕ್ಸ್ ಹಾಕೋದು ಟೀಚರ್‌ಗಳಿಗೂ ಯಾವತ್ತೂ ಸುಲಭ ಆಗಿಲ್ಲ. 1912ರಲ್ಲಿ ಡೇನಿಯಲ್ ಸ್ಟಾರ್ಚ್ ಮತ್ತೆ ಎಡ್ವರ್ಡ್ ಎಲಿಯಟ್ ಅಮೆರಿಕದಲ್ಲಿ ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳನ್ನ 142 ಶಿಕ್ಷಕರ ಹತ್ರ ತಿದ್ದಿಸಿದ್ರು. ಒಂದೇ ಪತ್ರಿಕೆಗೆ ನೂರಕ್ಕೆ 64ರಿಂದ 98ರವರೆಗೆ ಬಂತು, ಇನ್ನೊಂದಕ್ಕೆ 50ರಿಂದ 97. 1961ರಲ್ಲಿ ಪಾಲ್ ಡೀಡರಿಕ್ ಮತ್ತವರ ಸಹೋದ್ಯೋಗಿಗಳು 300 ಪ್ರಬಂಧಗಳನ್ನ ಬೇರೆ ಬೇರೆ ವೃತ್ತಿಯ 53 ಜನರಿಗೆ ಓದಿಸಿ ಒಂಬತ್ತು ದರ್ಜೆಗಳಲ್ಲಿ ಹಾಕಿ ಅಂದ್ರು, ಒಂದು ಪ್ರಬಂಧಕ್ಕೂ ಐದಕ್ಕಿಂತ ಕಮ್ಮಿ ಬೇರೆ ಬೇರೆ ದರ್ಜೆ ಬರ್ಲಿಲ್ಲ. ಒಬ್ಬರು ಯೋಚನೆ ನೋಡಿದ್ರೆ ಇನ್ನೊಬ್ಬರು ಸ್ಪೆಲಿಂಗ್ ನೋಡ್ತಿದ್ರು, ಮತ್ತೊಬ್ಬರು ಜೋಡಣೆ. ಹಾಗಾಗಿ ನೀವು ಅಮ್ಮ ಅನ್ನೋದು ದೊಡ್ಡ ಸಮಸ್ಯೆ ಅಲ್ಲ. ಏನು ನೋಡ್ತೀನಿ ಅಂತ ಮೊದಲೇ ತೀರ್ಮಾನ ಮಾಡದೆ ಇರೋದು ಸಮಸ್ಯೆ.

ಇನ್ನೊಂದು ಸರಳ ಉಪಾಯ, ಅಂಕಿಗಿಂತ ಹೋಲಿಕೆ ನಮಗೆ ಸುಲಭ. ಇದು 7ಕ್ಕಾ 8ಕ್ಕಾ ಅಂತ ಒದ್ದಾಡೋ ಬದಲು ಮೂರು ತಿಂಗಳ ಹಿಂದಿನ ಬರಹ ಪಕ್ಕದಲ್ಲಿಟ್ಟು ಯಾವುದು ವಾಸಿ, ಯಾವ ವಿಷಯದಲ್ಲಿ ವಾಸಿ ಅಂತ ಕೇಳ್ಕೊಳ್ಳಿ. ಉತ್ತರ ತಕ್ಷಣ ಸಿಗುತ್ತೆ. ಅಕ್ಕನ ಬರಹ ತಮ್ಮನ ಬರಹ ಪಕ್ಕದಲ್ಲಿಟ್ಟು ಮಾತ್ರ ದಯವಿಟ್ಟು ನೋಡ್ಬೇಡಿ.

ರೂಬ್ರಿಕ್ ಅಂತಾರಲ್ಲ, ಅದನ್ನ ಹೇಗೆ ಮಾಡೋದು?

ರೂಬ್ರಿಕ್ ಅಂದ್ರೆ ಏನೇನು ನೋಡ್ತೀವಿ, ಪ್ರತಿಯೊಂದರಲ್ಲೂ ಯಾವ ಮಟ್ಟ ಅಂದ್ರೆ ಹೇಗಿರುತ್ತೆ ಅಂತ ಬರೆದಿಟ್ಟ ಒಂದು ಕೋಷ್ಟಕ. ಇಂಟರ್ನೆಟ್‌ನಲ್ಲಿ ಸಿಗೋವು ಹತ್ತು ಸಾಲಿನದ್ದು ಇರ್ತವೆ, ಮನೆಗೆ ಅಷ್ಟು ಬೇಡ. ನಾಲ್ಕು ಸಾಕು: ವಿಷಯ, ಜೋಡಣೆ, ವಾಕ್ಯ ಮತ್ತು ಪದ, ಕಾಗುಣಿತ ಮತ್ತು ಚಿಹ್ನೆ. ನೂರಕ್ಕೆ ಹಾಕೋದಾದ್ರೆ ನಾನು 40, 30, 20, 10 ಅಂತ ಹಂಚ್ತೀನಿ. ಕಾಗುಣಿತಕ್ಕೆ ಬರೀ ಹತ್ತಾ ಅಂತ ಕೇಳೋರಿದಾರೆ. ಹೌದು, ಯಾಕಂದ್ರೆ ಕಾಗುಣಿತದ ತಪ್ಪು ಎಣಿಸೋದು ಸುಲಭ, ಸುಲಭವಾಗಿ ಎಣಿಸೋಕೆ ಬರೋದಕ್ಕೆ ನಮ್ಮ ಕೈ ತಾನಾಗೇ ಜಾಸ್ತಿ ಮಾರ್ಕ್ಸ್ ಕಳೆಯುತ್ತೆ.

ಮಟ್ಟಗಳನ್ನ "ಉತ್ತಮ, ಸಾಧಾರಣ" ಅಂತ ಬರೀಬೇಡಿ, ಹಾಳೆ ಮೇಲೆ ಕಾಣೋದನ್ನ ಬರೀರಿ. ವಿಷಯ ಅನ್ನೋ ಸಾಲಿಗೆ ಹೀಗೆ ಬರೀಬಹುದು: 4 ಅಂದ್ರೆ ಒಂದೇ ಮುಖ್ಯ ಮಾತು ಇದೆ, ಪ್ರತಿ ಪ್ಯಾರಾದಲ್ಲೂ ಅದಕ್ಕೆ ಬೇಕಾದ ವಿವರ ಇದೆ. 3 ಅಂದ್ರೆ ಮುಖ್ಯ ಮಾತು ಇದೆ, ಒಂದೆರಡು ಕಡೆ ಹೇಳಿ ಬಿಟ್ಟಿದ್ದಾರೆ, ವಿವರ ಇಲ್ಲ. 2 ಅಂದ್ರೆ ವಿಷಯ ಗೊತ್ತಾಗುತ್ತೆ ಆದ್ರೆ ಅದರ ಬಗ್ಗೆ ಏನು ಹೇಳ್ತಿದ್ದಾರೆ ಅಂತ ಗೊತ್ತಾಗಲ್ಲ. 1 ಅಂದ್ರೆ ಬೇರೆ ಬೇರೆ ವಿಷಯ ಕಲೆಸಿ ಹೋಗಿದೆ. ಬರೆಯೋ ಮುಂಚೆನೇ ಇದನ್ನ ಮಗು ಕೈಗೆ ಕೊಡಿ. ಬರೆದ ಮೇಲೆ ಮೊದಲು ಅದು ತನಗೆ ತಾನೇ ಹಾಕ್ಕೊಳ್ಳಲಿ, ಆಮೇಲೆ ನೀವು ಹಾಕಿ, ಎಲ್ಲಿ ಹೊಂದಲ್ವೋ ಅಲ್ಲಿ ಮಾತ್ರ ಮಾತಾಡಿ. ಆ ಐದು ನಿಮಿಷದ ಮಾತು ಗ್ರೇಡ್‌ಗಿಂತ ಬೆಲೆಯುಳ್ಳದ್ದು. ಕಥೆಗೂ ವಾದ ಮಾಡೋ ಪ್ರಬಂಧಕ್ಕೂ ಒಂದೇ ರೂಬ್ರಿಕ್ ಆಗಲ್ಲ, ವಿಷಯದ ಸಾಲನ್ನ ಬದಲಾಯ್ಸಿ.

ಕಷ್ಟಪಟ್ಟು ಬರೆದಿದ್ದಕ್ಕೆ ಮಾರ್ಕ್ಸ್ ಕೊಡಬಹುದಾ?

ಮೆಚ್ಚುಗೆ ಧಾರಾಳವಾಗಿ ಕೊಡಿ, ಮಾರ್ಕ್ಸ್ ಬೇಡ. ಕಷ್ಟ ನಮಗೆ ಹೊರಗಿಂದ ಕಾಣಲ್ಲ. ಬದಲಿಗೆ ತಿದ್ದಿ ಬರೆದಿದ್ದಕ್ಕೆ ಮಾರ್ಕ್ಸ್ ಇಡಿ, ಮೊದಲ ಪ್ರತಿಗೂ ಕೊನೇ ಪ್ರತಿಗೂ ಏನು ವ್ಯತ್ಯಾಸ ಅನ್ನೋದು ಹಾಳೆ ಮೇಲೆ ಕಾಣುತ್ತೆ.

ಟೈಪ್ ಮಾಡ್ಬಹುದಾ? ಸ್ಪೆಲ್ ಚೆಕ್, ಎಐ ಬಳಸಿದ್ರೆ?

ಟೈಪ್ ಧಾರಾಳವಾಗಿ ಮಾಡ್ಲಿ, ದೊಡ್ಡ ಮಕ್ಕಳಿಗೆ ತಿದ್ದೋಕೆ ಅದೇ ಅನುಕೂಲ, ಪ್ಯಾರಾ ಎತ್ತಿ ಇಡೋಕೆ ಇಡೀ ಪುಟ ಮತ್ತೆ ಬರೀಬೇಕಿಲ್ಲ. ಆದ್ರೆ ಕೈಬರಹ ಬಿಡಿಸ್ಬೇಡಿ. ಅಕ್ಷರಗಳನ್ನ ಗುರುತಿಸೋದು ಪಕ್ಕಾ ಆಗೋವರೆಗೆ ಚಿಕ್ಕವರಿಗಂತೂ ಕೈಯಲ್ಲೇ ಬರೆಯೋದು ಬೇಕು. ಸ್ಪೆಲ್ ಚೆಕ್ ಕೊನೇ ಪ್ರತಿಗೆ ಇರ್ಲಿ, ಮಗು ಮೊದಲು ಒಂದು ಸಲ ತಾನೇ ಹುಡುಕಿದ ಮೇಲೆ.

ಎಐ ವಿಷಯಕ್ಕೆ ಬಂದ್ರೆ, ಅದು ಬರೆದುಕೊಟ್ಟಿದ್ದನ್ನ ತನ್ನದು ಅಂತ ಕೊಡೋದು ಬೇಡವೇ ಬೇಡ, ಇದನ್ನ ಬೈದು ಹೇಳೋ ಬದಲು ಕಾರಣ ವಿವರ್ಸಿ: ಏನು ಹೇಳ್ಬೇಕು ಅಂತ ತಲೇಲಿ ಹುಡುಕಾಡೋದೇ ಬರವಣಿಗೆಯ ಅಭ್ಯಾಸ, ಅದನ್ನ ಬೇರೆಯವರಿಗೆ ಒಪ್ಪಿಸಿದ್ರೆ ಉಳಿಯೋದು ಹಾಳೆ ಮಾತ್ರ. ನಿಮಗೆ ಅನುಮಾನ ಬಂದ್ರೆ ಪತ್ತೆ ಹಚ್ಚೋ ಸಾಫ್ಟ್‌ವೇರ್ ನಂಬ್ಕೊಂಡು ಮಗೂನ ಕಳ್ಳನ ಥರ ವಿಚಾರಿಸ್ಬೇಡಿ, ಅವು ಮಕ್ಕಳೇ ಬರೆದಿದ್ದನ್ನೂ ಎಐ ಅಂತ ಹೇಳಿಬಿಡ್ತವೆ. ಪಕ್ಕದಲ್ಲಿ ಕೂತು "ಈ ಮಾತು ಯಾಕೆ ಇಲ್ಲಿ ಇಟ್ಟೆ?" ಅಂತ ಕೇಳಿ. ತಾನೇ ಬರೆದ ಮಗು ಏನಾದ್ರೂ ಒಂದು ಹೇಳುತ್ತೆ. ಮನೇಲಿ ನಿಮ್ಮ ಕಣ್ಣೆದುರೇ ಮೊದಲ ಪ್ರತಿ ಬರೆಸಿದ್ರೆ ಈ ಪ್ರಶ್ನೆನೇ ಏಳಲ್ಲ.

ಎಷ್ಟು ಮಾಡಿದ್ರೂ ಬರವಣಿಗೆ ಬರ್ತಿಲ್ಲ. ಯಾವಾಗ ಚಿಂತೆ ಮಾಡ್ಬೇಕು?

ಮಾತು ಚೆನ್ನಾಗಿದ್ದು, ಕಲಿಸೋದೂ ನಿಯಮಿತವಾಗಿದ್ದು, ಆದ್ರೂ ಅಕ್ಷರದ ಗಾತ್ರ ಅಂತರ ಹಿಡಿತಕ್ಕೆ ಸಿಗ್ತಿಲ್ಲ, ಬರೀವಾಗ ಕೈ ನೋಯುತ್ತೆ ಅಂತ ಯಾವಾಗ್ಲೂ ಹೇಳ್ತಾನೆ, ನಿನ್ನೆ ಸರಿಯಾಗಿ ಬರೆದ ಪದ ಇವತ್ತು ನಾಲ್ಕು ಥರ ಬರೀತಾನೆ, ಹೀಗೆಲ್ಲಾ ತಿಂಗಳುಗಟ್ಟಲೆ ಇದ್ರೆ ಡಿಸ್‌ಗ್ರಾಫಿಯಾ (ಬರೆಯೋದರಲ್ಲಿ ಇರೋ ತೊಡಕು) ಅಥವಾ ಡಿಸ್‌ಲೆಕ್ಸಿಯಾ (ಓದೋದು, ಕಾಗುಣಿತದಲ್ಲಿ ಇರೋ ತೊಡಕು) ಇರಬಹುದು, ತಜ್ಞರಿಗೆ ತೋರ್ಸಿ. ಕಣ್ಣೂ ಒಮ್ಮೆ ಪರೀಕ್ಷೆ ಮಾಡ್ಸಿ. ಅಲ್ಲಿವರೆಗೆ ಹೇಳಿ ಬರೆಸೋದು, ವಾಯ್ಸ್ ಟೈಪಿಂಗ್ ಎಲ್ಲಾ ಬಳಸಿ, ಯೋಚನೆ ಜೋಡ್ಸೋ ಪಾಠ ನಿಲ್ಲೋದು ಬೇಡ. ಇದು ವಿನಾಯ್ತಿ ಅಲ್ಲ, ಆ ಮಗುಗೂ ಹೇಳೋಕೆ ಬೇಕಾದಷ್ಟಿದೆ, ಅದು ಹೊರಗೆ ಬರೋಕೆ ದಾರಿ ಬೇಕು ಅಷ್ಟೇ.

ಮುಂದೆ ಶಾಲೆಗೋ ಕಾಲೇಜಿಗೋ ಸೇರಿಸ್ಬೇಕಾದಾಗ ಏನು ತೋರ್ಸೋದು?

ಫೈಲ್ ಇಡಿ, ಆದ್ರೆ ಎಲ್ಲಾ ತುಂಬ್ಬೇಡಿ. ವರ್ಷಕ್ಕೆ ಆರೇಳು ಬರಹ ಸಾಕು, ಒಂದೇ ಥರದ್ದಲ್ಲ: ಒಂದು ಕಥೆ, ಒಂದು ಪತ್ರ, ಒಂದು ವಿಜ್ಞಾನದ ವರದಿ, ಒಂದು ಓದಿದ ಪುಸ್ತಕದ ಬಗ್ಗೆ, ದೊಡ್ಡವರಾದ್ರೆ ಮಾಹಿತಿ ಎಲ್ಲಿಂದ ತಗೊಂಡೆ ಅಂತ ಹೇಳಿರೋ ಒಂದು ಉದ್ದನೆ ಪ್ರಬಂಧ. ವರ್ಷದಲ್ಲಿ ಎರಡು ಸಲ ಗೊತ್ತಿಲ್ಲದ ವಿಷಯ ಕೊಟ್ಟು ಗಡಿಯಾರ ಇಟ್ಟು ಬರೆಸಿದ್ದನ್ನೂ ಸೇರ್ಸಿ, ಪರೀಕ್ಷೆಲಿ ತಿದ್ದಿ ಬರೆಯೋಕೆ ಸಮಯ ಸಿಗಲ್ಲ, ಆ ಅಭ್ಯಾಸ ಬೇರೇನೇ ಬೇಕು. ಪ್ರತಿ ಬರಹದ ಮೇಲೆ ತಾರೀಖು, ಮಗು ವಯಸ್ಸು, ಬೇರೆಯವರ ಸಹಾಯ ಎಷ್ಟಿತ್ತು ಅಂತ ಬರೆದಿಡಿ, ಗ್ರೇಡ್ ಹಾಕಿದ್ರೆ ಆ ರೂಬ್ರಿಕ್ ಹಾಳೆನೂ ಜೊತೆಗಿರ್ಲಿ. ಒಂದೆರಡು ಬರಹಕ್ಕಾದ್ರೂ ಮೊದಲ ಪ್ರತಿನೂ ಕೊನೇ ಪ್ರತಿನೂ ಎರಡನ್ನೂ ಸೇರಿಸಿ ಪಿನ್ ಮಾಡಿಡಿ. ಮನೇಲಿ ಏನು ಕಲ್ಸಿದೀರಿ ಅಂತ ಅವರು ಕೇಳಿದಾಗ ಮೊದಲು ಆ ಎರಡು ಹಾಳೆ ತೆಗೆದು ಮುಂದಿಡಿ.